ಪ್ರಳಯದ ಕೊನೆಗೊಂದು ಮದುವೆ

"ಇವತ್ತು ಸಿನಿಮಾ ಮುಗಿಯೋವರೆಗೆ ಒಂದೇ ಒಂದು ಸಲ ಕಣ್ಣು ಮುಚ್ಚಿದ್ರೆ, ನನ್ನನ್ನ ವಿಮರ್ಶಕ ಅಂತ ಕರೀಲೇಬೇಡಿ!"

ಶನಿವಾರ ಬೆಳಿಗ್ಗೆ ಎಡಗೆನ್ನೆಗೆ ಮಾತ್ರ ನೊರೆ ಹಚ್ಚಿಕೊಂಡು, ಬಲಗೈಯಲ್ಲಿ ರೇಜರ್ ಎತ್ತಿ ಹಿಡಿದು, ನಮ್ಮ ವಿಮರ್ಶಕರು ಬಚ್ಚಲುಮನೆಯ ಬಾಗಿಲಲ್ಲಿ ನಿಂತು ಮಾಡಿದ ಭೀಷ್ಮಪ್ರತಿಜ್ಞೆ ಇದು. ಕೇಳಿಸಿಕೊಂಡವರು ಮೂವರು. ಹೆಂಡತಿ ಬಟ್ಟೆ ಮಡಚುತ್ತಿದ್ದಳು. ಹೈಸ್ಕೂಲಿನ ಮಗಳು ಕಾಣೆಯಾದ ಒಂದು ಸಾಕ್ಸ್ ಹುಡುಕುತ್ತಿದ್ದಳು. ಅತ್ತೆ ಕಿಟಕಿಯ ಪಕ್ಕ ಕೂತು ಪದಬಂಧ ತುಂಬುತ್ತಿದ್ದರು.

"ಮುಚ್ಚಿ ಅಂತ ನಿಮಗೆ ಯಾರು ಹೇಳಿದ್ದು?" ಎಂದಳು ಹೆಂಡತಿ. "ಮೊದಲು ಆ ಇನ್ನೊಂದು ಕೆನ್ನೆ ಮುಗಿಸಿ."

ಪ್ರತಿಜ್ಞೆಗೆ ಬಲವಾದ ಕಾರಣವಿತ್ತು. ಭಾನುವಾರದ ಪತ್ರಿಕೆಯಲ್ಲಿ ವಿಮರ್ಶಕರು ಇಪ್ಪತ್ತೆರಡು ವರ್ಷದಿಂದ ಬರೆಯುತ್ತಿದ್ದ ಸಿನಿಮಾ ಅಂಕಣದ ಹೆಸರು 'ರೆಪ್ಪೆ ಬಡಿಯದೆ'. ಹೆಸರಿನ ಪಕ್ಕದಲ್ಲಿ ಕಣ್ಣರಳಿಸಿ ಕೂತ ಅವರದೇ ಫೋಟೋ. ಹೋದ ತಿಂಗಳು ಒಂದು ಸಿನಿಮಾದ ನಾಯಕ ಕೊನೆಯಲ್ಲಿ ಸಾಯುತ್ತಾನೆಂದು ಬರೆದು, ಆ ಸಾವಿನ ಬಗ್ಗೆ ಎರಡು ಪ್ಯಾರಾ ಗೊಳೋ ಎಂದು ಅತ್ತಿದ್ದರು. ಆದರೆ ಆ ನಾಯಕನಿಗೆ ಸಿನಿಮಾದಲ್ಲಿ ಸಾವಿರಲಿ, ನೆಗಡಿ ಕೂಡ ಬಂದಿರಲಿಲ್ಲ! ಸಂಪಾದಕರು ಅವರನ್ನು ಕೋಣೆಗೆ ಕರೆಸಿ, ಬಾಗಿಲು ಹಾಕಿ, ಮೆಲ್ಲನೆ ಹೇಳಿದ್ದರು: "ಇನ್ನೊಂದೇ ಒಂದು ಸಲ ಬದುಕಿದವರನ್ನ ಸಾಯಿಸಿ ನೋಡಿ. ಅಂಕಣ ನಮ್ಮ ದಿನಭವಿಷ್ಯದವರಿಗೆ ಹೋಗುತ್ತೆ. ಅವರು ಏನನ್ನೂ ನೋಡದೇನೇ ಬರೀತಾರೆ, ಆದ್ರೂ ಇಷ್ಟು ತಪ್ಪಾಗಲ್ಲ."

ದಿನಭವಿಷ್ಯದವರಿಗೆ! ಆ ಮಾತು ವಿಮರ್ಶಕರ ಎದೆಯಲ್ಲಿ ಮುಳ್ಳಾಗಿ ಕೂತಿತ್ತು. ಅದಕ್ಕೇ ಈ ಸಲ ಭರ್ಜರಿ ಏರ್ಪಾಡು. ಸಿನಿಮಾ 'ಗಾಳಿ ತೀರಿದ ದಿನ'. ಭೂಮಿಯ ಮೇಲಿನ ಗಾಳಿಯೆಲ್ಲ ಸೋರಿಹೋಗಿ ಲೋಕ ಮುಗಿಯುವ ಕಥೆ. ಮಧ್ಯಾಹ್ನ ಒಂದು ಗಂಟೆಗೆ ಆಟ, ಸಂಜೆ ಆರಕ್ಕೆ ಪುಟ ಅಚ್ಚಿಗೆ ಹೋಗುತ್ತದೆ. ಜೊತೆಗೆ ಇಡೀ ಸಂಸಾರ.

ಸಂಸಾರವೇನೋ ಜೊತೆಗಿತ್ತು, ಅದರ ಬಾಯಿ ಮಾತ್ರ ಇರಲಿಲ್ಲ. ಆ ಮನೆಯಲ್ಲಿ ವಿಮರ್ಶಕರೇ ಮಾಡಿದ ಎರಡು ಕಾನೂನುಗಳಿದ್ದವು. ಒಂದನೆಯದು, ಅಂಕಣ ಅಚ್ಚಾಗುವ ತನಕ ಮನೆಯಲ್ಲಿ ಯಾರೂ ಆ ಸಿನಿಮಾದ ಬಗ್ಗೆ ತುಟಿ ಬಿಚ್ಚುವಂತಿಲ್ಲ. ಮನೆಯವರ ಅಭಿಪ್ರಾಯದ ಸೋಂಕು ತಗುಲಿದರೆ ವಿಮರ್ಶೆ ಕೆಡುತ್ತದಂತೆ! ಎರಡನೆಯದು, ಥಿಯೇಟರಿನಲ್ಲಿ ಅವರು ಕಣ್ಣು ಮುಚ್ಚಿದ್ದು ಕಂಡರೂ ಮುಟ್ಟಿ ಎಬ್ಬಿಸುವಂತಿಲ್ಲ. ಒಮ್ಮೆ ಹೆಂಡತಿ ಮೊಣಕೈಯಿಂದ ತಿವಿದಾಗ ಅವರು ಬೆಚ್ಚಿಬಿದ್ದು, "ನಿದ್ದೆ ಅಲ್ಲ ಕಣೇ! ಕಣ್ಣು ಮುಚ್ಚಿ ಹಿನ್ನೆಲೆ ಸಂಗೀತ ಆಸ್ವಾದಿಸ್ತಿದ್ದೆ!" ಎಂದು ಹಾಲೆಲ್ಲ ತಿರುಗಿ ನೋಡುವಂತೆ ಕೂಗಿದ್ದರು. ಅಂದಿನಿಂದ ಆಕೆ ತಿವಿಯುವುದನ್ನೇ ಬಿಟ್ಟಿದ್ದಳು.

ಒಂದು ಗಂಟೆಗೆ ಎಂಟು ಹಾಲುಗಳ ಆ ದೊಡ್ಡ ಥಿಯೇಟರಿನ ಮೂರನೇ ಹಾಲಿನಲ್ಲಿ ನಾಲ್ವರೂ ಸಾಲಾಗಿ ಕೂತರು. ಮೊದಲರ್ಧವನ್ನು ವಿಮರ್ಶಕರು ನಿಜಕ್ಕೂ ರೆಪ್ಪೆ ಬಡಿಯದೆ ನೋಡಿದರು. ಮುದುಕ ವಿಜ್ಞಾನಿ, ಅವನ ಮಾತು ನಂಬದ ಸರ್ಕಾರ, ಸುರಂಗದೊಳಗೆ ಓಡುವ ಜನ, ಒಬ್ಬಳು ಧೈರ್ಯದ ಹುಡುಗಿ. ಕತ್ತಲಲ್ಲೇ ಮೂರು ಪುಟ ಟಿಪ್ಪಣಿ ಗೀಚಿದರು. ಇಂಟರ್ವಲ್‌ನಲ್ಲಿ, ನಿದ್ದೆ ಬಾರದಿರಲೆಂದು ಎರಡು ಕಪ್ ಕಾಫಿ ಕುಡಿದರು. ಮತ್ತೆ ಒಳಗೆ ಬಂದು, ಸೀಟಿನ ಪಕ್ಕದಲ್ಲಿ ಏನೋ ಗುಂಡಿ ಇದೆಯಲ್ಲ ಎಂದು ಒತ್ತಿದರು. ಸೀಟು ಮೆಲ್ಲಗೆ ಹಿಂದಕ್ಕೆ ಬಾಗಿತು. ಕಾಲಡಿಯಿಂದ ಒಂದು ಮೆತ್ತೆ ಎದ್ದು ಬಂದು ಕಾಲು ಹಿಡಿಯಿತು. ತಂಪು ಗಾಳಿ ಹಣೆ ಸವರಿತು.

ಅಷ್ಟೇ ಅವರಿಗೆ ನೆನಪಿರುವುದು!

ಮತ್ತೆ ಕಣ್ಣು ಬಿಟ್ಟಾಗ ದೀಪಗಳೆಲ್ಲ ಉರಿಯುತ್ತಿದ್ದವು. ಪರದೆಯ ಮೇಲೆ ಹೆಸರುಗಳು ಸಾಲುಸಾಲಾಗಿ ಮೇಲೇರುತ್ತಿದ್ದವು. ಲೋಕ ಮುಗಿದಿತ್ತು, ಹೇಗೆ ಮುಗಿಯಿತೆಂದು ಅವರಿಗೆ ಗೊತ್ತಿರಲಿಲ್ಲ!

ಅದಕ್ಕಿಂತ ವಿಚಿತ್ರ, ಹಾಲಿನಲ್ಲಿದ್ದವರೆಲ್ಲ ಎದ್ದು ನಿಂತು ಅವರನ್ನೇ ನೋಡುತ್ತಿದ್ದರು. ಮುಂದಿನ ಸಾಲಿನವರು ಪಿಸುಗುಟ್ಟಿದರು. ಹಿಂದಿನ ಸಾಲಿನ ದಪ್ಪ ಮೀಸೆಯವರೊಬ್ಬರು ಬಂದು ಕೈ ಕುಲುಕಿ, "ಸಾರ್, ಈ ಸಿನಿಮಾನ ಮರೆತ್ರೂ ನಿಮ್ಮನ್ನ ಮರೆಯಲ್ಲ" ಎಂದರು. ಅಷ್ಟು ಗಾಬರಿಯಲ್ಲೂ ವಿಮರ್ಶಕರಿಗೆ ರೋಮಾಂಚನವಾಯಿತು. ಫೋಟೋ ನೋಡಿ ಗುರುತು ಹಿಡಿದಿದ್ದಾರೆ! ಅವರು ಗಂಭೀರವಾಗಿ ತಲೆಯಾಡಿಸಿ, "ಭಾನುವಾರ ಓದಿ" ಎಂದರು. ಹೆಂಡತಿ ಸೆರಗಿನಿಂದ ಮುಖ ಮುಚ್ಚಿಕೊಂಡು ಆಗಲೇ ಬಾಗಿಲು ದಾಟಿದ್ದಳು.

ಮನೆ ಮುಟ್ಟಿದಾಗ ನಾಲ್ಕೂವರೆ. ಒಂದೂವರೆ ಗಂಟೆಯಲ್ಲಿ ಅರ್ಧ ಪುಟ ತುಂಬಬೇಕು. ವಿಮರ್ಶಕರು ಕೋಣೆ ಸೇರಿ, ಜನ್ಮದಲ್ಲಿ ಮೊದಲ ಸಲ ಬೇರೆ ವಿಮರ್ಶಕರು ಏನು ಬರೆದಿದ್ದಾರೆಂದು ಮೊಬೈಲಿನಲ್ಲಿ ಹುಡುಕಿದರು. ಒಬ್ಬರು "ಉಸಿರು ಬಿಗಿಹಿಡಿಸುವ ದ್ವಿತೀಯಾರ್ಧ" ಎಂದಿದ್ದರು. ಇನ್ನೊಬ್ಬರು "ಮಾತಿಗೆ ನಿಲುಕದ ಅನುಭವ" ಎಂದಿದ್ದರು. ಮೂರನೆಯವರು "ಕೊನೆ ಹೇಳಿದರೆ ಪಾಪ ಬಂದೀತು" ಎಂದು ಐದಕ್ಕೆ ನಾಲ್ಕು ಸ್ಟಾರ್ ಕೊಟ್ಟು ಜಾರಿಕೊಂಡಿದ್ದರು. "ಅಯ್ಯೋ ಪಾಪಿಗಳಾ! ಕಥೆ ಏನಾಯ್ತು ಅಂತ ಒಬ್ಬನಾದ್ರೂ ಬರೀಬಾರ್ದಾ? ಇವರೂ ಮಲಗಿದ್ದರೇನು?" ಎಂದು ವಿಮರ್ಶಕರು ಹಲ್ಲು ಕಡಿದರು. ಇಪ್ಪತ್ತೆರಡು ವರ್ಷದಿಂದ ತಮ್ಮ ಓದುಗರು ಅನುಭವಿಸಿದ ಕಷ್ಟ ಅವರಿಗೆ ಅಂದು ಅರ್ಥವಾಯಿತು.

ಬೇರೆ ದಾರಿಯೇ ಇರಲಿಲ್ಲ. ಬೇಲಿಯೇ ಎದ್ದು ಹೊಲ ಮೇಯಲು ಹೊರಟಂತೆ, ಕಾನೂನು ಮಾಡಿದವರೇ ಕಾನೂನು ಮುರಿಯಲು ಅಡುಗೆಮನೆಗೆ ಹೋದರು.

"ಏನಿಲ್ಲ, ಸುಮ್ನೆ ಕೇಳಿದೆ. ಎರಡನೇ ಅರ್ಧ ನಿನಗೆ ಹೇಗನ್ನಿಸ್ತು?"

ಹೆಂಡತಿಯ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. "ಏನ್ರೀ ಇದು? ಭಾನುವಾರದ ತನಕ ಬಾಯಿಗೆ ಬೀಗ ಅಂತ ನೀವೇ ಅಲ್ವಾ ಹೇಳಿದ್ದು? ಸೋಂಕು ತಗುಲಲ್ವಾ?"

"ಇವತ್ತೊಂದು ದಿನ ಕಾನೂನಿಗೆ ರಜೆ. ಒಂದೇ ಒಂದು ಮಾತು ಹೇಳು."

"ಒಂದೇ ಮಾತು ತಾನೇ? ಕಥೆ ತಲೆಗೇ ಹತ್ತಲಿಲ್ಲ. ಆ ಸದ್ದಿನಲ್ಲಿ ಕಥೆ ಕಡೆ ಗಮನ ಎಲ್ಲಿಂದ ಬರಬೇಕು? ಒಂದ್ಸಲ ಗರಗಸ, ಒಂದ್ಸಲ ಘಾಟಿ ಹತ್ತೋ ಲಾರಿ! ನನಗಂತೂ ಭೂಮಿ ಬಾಯಿಬಿಟ್ಟು ನನ್ನನ್ನ ನುಂಗಬಾರದಾ ಅನ್ನಿಸಿಬಿಡ್ತು."

ವಿಮರ್ಶಕರು ಒಳಗೊಳಗೇ ಕುಣಿದರು. ಸದ್ದು, ಗರಗಸ, ಬಾಯಿಬಿಡುವ ಭೂಮಿ! ನೇರವಾಗಿ ಮಗಳ ಕೋಣೆಗೆ ನಡೆದರು.

"ಅಪ್ಪಾ, ನೀನೂ ನೋಡಿದ್ಯಲ್ಲ?" ಎಂದಳು ಮಗಳು, ಕಣ್ಣು ಕಿರಿದು ಮಾಡಿ.

"ನೋಡ್ದೆ ಏನು! ಹೊಸ ತಲೆಮಾರಿನ ದೃಷ್ಟಿಕೋನ ಬೇಕಿತ್ತು, ಅಷ್ಟೇ."

"ವಿಜ್ಞಾನ ಪಕ್ಕಾ ಇದೆ. ಗಾಳಿ ಹೋದ್ಮೇಲೆ ಹಾಗೇ ತಾನೇ ಇರಬೇಕು? ನಮ್ಮ ಫಿಸಿಕ್ಸ್ ಮಿಸ್ ಹೇಳಿದ್ದೂ ಅದನ್ನೇ. ಆದ್ರೆ ನೆಮ್ಮದಿಯಾಗಿ ಅನುಭವಿಸೋಕೆ ಬಿಡಬೇಕಲ್ಲ!"

ವಿಜ್ಞಾನ ಪಕ್ಕಾ. ನೆಮ್ಮದಿ ಇಲ್ಲ. ಬರೆದುಕೊಂಡರು. ಉಳಿದದ್ದು ಮುಕ್ತಾಯ ಮಾತ್ರ. ಅತ್ತೆ ಬಾಲ್ಕನಿಯಲ್ಲಿ ಕುಂಡಗಳಿಗೆ ನೀರು ಹಾಕುತ್ತಿದ್ದರು.

"ಅತ್ತೆ, ಸಿನಿಮಾ ಹೇಗಿತ್ತು? ಮುಖ್ಯವಾಗಿ ಆ ಕೊನೆ?"

ಅತ್ತೆ ನೀರಿನ ಚೊಂಬು ಕೆಳಗಿಟ್ಟರು. ಅವರ ಮುಖ ಅರಳಿತು. "ಕೊನೆ ಬಹಳ ಚೆನ್ನಾಗಿತ್ತು ಅಳಿಯಂದ್ರೇ! ಅಷ್ಟೆಲ್ಲ ರಾದ್ಧಾಂತ ಆದ್ಮೇಲೂ ಆ ಹುಡುಗೀನ ಅವಳು ಮೆಚ್ಚಿದ ಹುಡುಗನಿಗೇ ಕೊಟ್ಟು ಮದುವೆ ಮಾಡಿದ್ರಲ್ಲ. ಎರಡು ಮನೆಯವರೂ ಒಂದಾದ್ರು. ಆ ದೊಡ್ಡಪ್ಪ ತಪ್ಪಾಯ್ತು ಅಂತ ಎಲ್ಲರ ಮುಂದೆ ಅತ್ತಾಗ ನನ್ನ ಕಣ್ಣೂ ಒದ್ದೆ ಆಯ್ತು."

"ದೊಡ್ಡಪ್ಪ?" ಎಂದು ವಿಮರ್ಶಕರು ತೊದಲಿದರು.

"ಅವನೇ, ಬಿಳಿ ಗಡ್ಡದವನು."

ಬಿಳಿ ಗಡ್ಡ! ಮೊದಲರ್ಧದ ಮುದುಕ ವಿಜ್ಞಾನಿಗೂ ಬಿಳಿ ಗಡ್ಡವಿತ್ತು. ಹಾಗಾದರೆ ಅವನೇ ಆ ಹುಡುಗಿಯ ದೊಡ್ಡಪ್ಪ! ಎರಡು ಮನೆಯೆಂದರೆ ಸುರಂಗದವರು ಮತ್ತು ನೆಲದ ಮೇಲಿನವರು! ವಿಮರ್ಶಕರ ತಲೆಯಲ್ಲಿ ಎಲ್ಲವೂ ಸರಸರನೆ ಹೊಂದಿಕೊಂಡು ಕೂತಿತು. ಐದು ಐವತ್ತೆಂಟಕ್ಕೆ ಬರಹ ಕಚೇರಿ ಸೇರಿತು. ಆ ಸಂಜೆ ಅವರು ಶಿಳ್ಳೆ ಹೊಡೆಯುತ್ತಾ ಓಡಾಡಿದರು.

ಭಾನುವಾರ ಬೆಳಿಗ್ಗೆ ಪತ್ರಿಕೆ ಬಂತು. ವಿಮರ್ಶಕರು ಎಲ್ಲರನ್ನೂ ಊಟದ ಮೇಜಿನ ಸುತ್ತ ಕೂರಿಸಿ, ಗಂಟಲು ಸರಿಮಾಡಿಕೊಂಡು ಓದತೊಡಗಿದರು.

"'ಪ್ರಳಯದ ಕೊನೆಗೊಂದು ಮದುವೆ! ದ್ವಿತೀಯಾರ್ಧದ ಜೀವಾಳವೇ ಅದರ ಶಬ್ದ. ಐವತ್ತು ನಿಮಿಷ ಎಡೆಬಿಡದೆ ಮೊರೆಯುವ ಆ ಭೀಕರ ಗರ್ಜನೆಯನ್ನು ಹೀಗೆ ಹಿಡಿದುಕೊಟ್ಟ ಧ್ವನಿ ತಂತ್ರಜ್ಞನ ಕೈಗೆ ಚಿನ್ನದ ಕಡಗ ತೊಡಿಸಬೇಕು...'"

ಮಗಳ ಕೈಯಿಂದ ಬ್ರೆಡ್ಡು ಜಾರಿ ಹಾಲಿನ ಲೋಟಕ್ಕೆ ಬಿತ್ತು.

"ಅಪ್ಪಾ! ಯಾವ ಶಬ್ದ? ಎರಡನೇ ಅರ್ಧದಲ್ಲಿ ಶಬ್ದಾನೇ ಇಲ್ಲ! ಗಾಳಿ ಇಲ್ಲದ ಮೇಲೆ ಸದ್ದು ಹೇಗೆ ಬರುತ್ತೆ? ಐವತ್ತು ನಿಮಿಷ ಪೂರ್ತಿ ಮೌನ! ಎಲ್ಲರೂ ಕೈಸನ್ನೇಲೇ ಮಾತಾಡ್ತಾರೆ!"

ವಿಮರ್ಶಕರು ಪತ್ರಿಕೆ ಕೆಳಗಿಟ್ಟರು. "ಮತ್ತೆ... ನಿಮ್ಮಮ್ಮ ಹೇಳಿದ ಗರಗಸ? ಲಾರಿ?"

"ಅದು ಸಿನಿಮಾದ್ದಲ್ಲ ರೀ," ಎಂದಳು ಹೆಂಡತಿ ತಣ್ಣಗೆ. "ನಿಮ್ಮದು."

ಪರದೆಯ ಮೇಲೆ ಲೋಕವೇ ಮೂಕವಾಗಿದ್ದ ಹೊತ್ತಿನಲ್ಲಿ, ಮುನ್ನೂರು ಜನರ ನಡುವೆ, ತಾವೊಬ್ಬರೇ ಐವತ್ತು ನಿಮಿಷ ಗೊರಕೆ ಹೊಡೆದ ಚಿತ್ರ ವಿಮರ್ಶಕರ ಕಣ್ಣೆದುರು ಬಂತು. ಕೈ ಕುಲುಕಿದ ದಪ್ಪ ಮೀಸೆಯೂ ನೆನಪಾಯಿತು. ಅಯ್ಯೋ, ಅವನಿಗೆ "ಭಾನುವಾರ ಓದಿ" ಎಂದು ಬೇರೆ ಹೇಳಿದ್ದರಲ್ಲ!

"ನನ್ನನ್ನ ಎಬ್ಬಿಸೋಕೇನಾಗಿತ್ತು?" ಎಂದು ಚೀರಿದರು.

"ಎರಡನೇ ಕಾನೂನು," ಎಂದರು ತಾಯಿ ಮಗಳು ಒಟ್ಟಿಗೇ.

ವಿಮರ್ಶಕರು ಮುಳುಗುವವರು ಹುಲ್ಲುಕಡ್ಡಿ ಹಿಡಿಯುವಂತೆ ಅತ್ತೆಯ ಕಡೆ ತಿರುಗಿದರು. ಜಟ್ಟಿ ಬಿದ್ದರೂ ಮೀಸೆಯಾದರೂ ಮಣ್ಣಾಗದೆ ಉಳಿಯಬೇಕಲ್ಲ! "ಹೋಗ್ಲಿ, ಮದುವೆಯಾದ್ರೂ ಸರಿಯಾಗಿದೆ. ಅಲ್ವಾ ಅತ್ತೆ?"

"ಯಾವ ಮದುವೆ?" ಎಂದಳು ಮಗಳು. "ಕೊನೇಲಿ ಎಲ್ಲರೂ ಸತ್ತೇ ಹೋಗ್ತಾರೆ. ಆ ಹುಡುಗೀನೂ ಸಾಯ್ತಾಳೆ. ಒಬ್ಬರೂ ಉಳಿಯಲ್ಲ!"

ಮೂರು ಜೊತೆ ಕಣ್ಣುಗಳು ಅತ್ತೆಯ ಮೇಲೆ ನೆಟ್ಟವು. ಅತ್ತೆ ನಿಧಾನವಾಗಿ ಕನ್ನಡಕ ತೆಗೆದು ಒರೆಸಿದರು.

"ನಾನೇನು ಸುಳ್ಳು ಹೇಳಿದ್ನಾ? ಇಂಟರ್ವಲ್ ಆಗಿ ಐದು ನಿಮಿಷಕ್ಕೆ ಅಳಿಯಂದಿರ ಗೊರಕೆ ಶುರುವಾಯ್ತು. ಮಧ್ಯೆ ಎರಡು ಸೀಟಿದ್ರೂ ನನ್ನ ಸೀಟು ಅದುರ್ತಿತ್ತು. ಎದ್ದು ಹೋಗಿ ಬಾಗಿಲಲ್ಲಿದ್ದವನನ್ನ, 'ಈ ಸದ್ದು ಕೇಳಿಸದ ಹಾಲು ಯಾವುದಾದ್ರೂ ಇದೆಯೇನಪ್ಪಾ' ಅಂತ ಕೇಳ್ದೆ. ಪುಣ್ಯಾತ್ಮ, ಅವನಿಗೂ ಕೇಳಿಸ್ತಿತ್ತು. ಐದನೇ ಹಾಲಲ್ಲಿ ಕೂರಿಸಿದ. ಅಲ್ಲೊಂದು ಸಂಸಾರದ ಸಿನಿಮಾ ನಡೀತಿತ್ತು."

"ಅಮ್ಮಾ! ನೀನು ಹಿಂದಿನ ಸಾಲಿಗೆ ಹೋಗಿದ್ದೀಯ ಅಂತ ಅಂದ್ಕೊಂಡಿದ್ದೆ!" ಎಂದಳು ಹೆಂಡತಿ.

"ಅತ್ತೆ, ನನಗೆ ಹೇಳಬಾರದಿತ್ತಾ?" ಎಂದು ವಿಮರ್ಶಕರು ಗೋಗರೆದರು.

"ನೀವು ಸಿನಿಮಾ ಹೇಗಿತ್ತು ಅಂತ ಕೇಳಿದ್ರಿ. ಯಾವ ಸಿನಿಮಾ ಅಂತ ಕೇಳಲಿಲ್ಲ. ಅದೂ ಅಲ್ದೆ, ನಿಮ್ಮ ಗೊರಕೆಗೆ ಎದ್ದುಹೋದೆ ಅಂತ ಅಳಿಯನ ಮುಖಕ್ಕೆ ಹೇಗೆ ಹೇಳೋದು? ನೊಂದ್ಕೋತೀರಾ ಅಂತ ಸುಮ್ಮನಾದೆ."

ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ಸಂಪಾದಕರು. ವಿಮರ್ಶಕರು ಫೋನನ್ನು ಕಿವಿಗಿಟ್ಟುಕೊಂಡರು.

"ಹೋದ ಸಲ ಬದುಕಿದ್ದವನೊಬ್ಬನನ್ನ ಸಾಯಿಸಿದ್ರಿ," ಎಂದರು ಸಂಪಾದಕರು. ದನಿ ಭಯ ಹುಟ್ಟಿಸುವಷ್ಟು ಶಾಂತವಾಗಿತ್ತು. "ಈ ಸಲ ಭೂಮಿ ಮೇಲೆ ಸತ್ತವರನ್ನೆಲ್ಲ ಎಬ್ಬಿಸಿ ಮದುವೆ ಮಾಡಿಸಿದ್ದೀರಿ. ಬೆಳಿಗ್ಗೆಯಿಂದ ನಲವತ್ತು ಫೋನ್ ಬಂದಿವೆ. ಅದರಲ್ಲಿ ಒಬ್ಬರು ನಿಮ್ಮ ಗೊರಕೆ ರೆಕಾರ್ಡ್ ಮಾಡಿ ಕಳಿಸಿದ್ದಾರೆ. ಒಂದೇ ಒಂದು ಪ್ರಶ್ನೆ, ನಿಜ ಹೇಳಿ. ಆ ಮದುವೆ ಭಾಗ ಮಾತ್ರ ಕಣ್ಣಾರೆ ಕಂಡ ಹಾಗಿದೆ. ಯಾರು ನೋಡಿದ್ದು?"

"ನಮ್ಮ... ಅತ್ತೆ."

"ಎಚ್ಚರವಾಗಿದ್ರಾ?"

"ಪೂರ್ತಿ."

"ಫೋನ್ ಅವರಿಗೆ ಕೊಡಿ."

ಅತ್ತೆ ಫೋನ್ ತೆಗೆದುಕೊಂಡರು. "ಹೂಂ... ಹೂಂ... ಪದಬಂಧ ಬಿಟ್ರೆ ನಾನೇನೂ ಬರೆದವಳಲ್ಲಪ್ಪ. ನೋಡಿದ್ದನ್ನ ನೋಡಿದ ಹಾಗೆ ಹೇಳಬಲ್ಲೆ, ಅಷ್ಟೇ... ನಿದ್ದೆನಾ? ಪಕ್ಕದ ಕೋಣೆಯಲ್ಲಿ ಈ ಅಳಿಯನ್ನ ಇಟ್ಕೊಂಡು ನನಗೆಲ್ಲಿಂದ ನಿದ್ದೆ ಬರಬೇಕು? ಹನ್ನೊಂದು ವರ್ಷ ಆಯ್ತು... ಆಗ್ಲಿ, ಬರೀತೀನಿ."

'ರೆಪ್ಪೆ ಬಡಿಯದೆ' ಅಂಕಣ ದಿನಭವಿಷ್ಯದವರಿಗೆ ಹೋಗಲಿಲ್ಲ. ಅದೊಂದೇ ಸಮಾಧಾನ ಎಂದುಕೊಂಡು ವಿಮರ್ಶಕರು ಆ ವಾರವಿಡೀ ಯಾರ ಮುಖವನ್ನೂ ನೋಡದೆ ಕಳೆದರು. ನಿಜ ಹೇಳಬೇಕೆಂದರೆ ಅವರಿಗೆ ಒಳಗೊಳಗೇ ಅಳು ಬರುತ್ತಿತ್ತು. ಇಪ್ಪತ್ತೆರಡು ವರ್ಷ!

ಮುಂದಿನ ಶನಿವಾರ ಅತ್ತೆ ಹೊಸ ಕನ್ನಡಕ ಹಾಕಿ, ಹೊಸ ನೋಟ್‌ಬುಕ್ ಕಂಕುಳಲ್ಲಿಟ್ಟು ಹೊರಟು ನಿಂತರು. ಬಾಗಿಲಲ್ಲಿ ತಿರುಗಿ, "ಅಂಕಣ ಅಚ್ಚಾಗೋ ತನಕ ಯಾರೂ ನನ್ನ ಹತ್ರ ಸಿನಿಮಾ ಮಾತು ಎತ್ತಬಾರ್ದು" ಎಂದು ಕಾನೂನು ಹೊರಡಿಸಿದರು.

ವಿಮರ್ಶಕರಿಗೆ ತಡೆಯಲಾಗಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹಿಂದೆಯೇ ಓಡಿ, ಮೆಟ್ಟಿಲ ಮೇಲೆ ಮಗುವಿನಂತೆ ಕೇಳಿದರು: "ಅತ್ತೆ, ನಾನೂ ಬರ್ಲಾ?"

ಅತ್ತೆಗೆ ಅಯ್ಯೋ ಪಾಪ ಅನ್ನಿಸಿತು. ಕೈಚೀಲಕ್ಕೆ ಕೈ ಹಾಕಿ ಒಂದು ಟಿಕೆಟ್ ತೆಗೆದುಕೊಟ್ಟರು.

"ನೀವು ಕೇಳೇ ಕೇಳ್ತೀರಾ ಅಂತ ಗೊತ್ತಿತ್ತು, ತಂದಿಟ್ಟಿದ್ದೀನಿ. ನನ್ನದು ಒಂದನೇ ಹಾಲು, ನಿಮ್ಮದು ಎಂಟನೇದು. ಮಧ್ಯೆ ಏಳು ಗೋಡೆ ಇವೆ, ಎಣಿಸಿಕೊಂಡು ಬಂದೆ. ಸಾಲುತ್ತೋ ಇಲ್ವೋ, ನೋಡೋಣ ಬನ್ನಿ!"