ಎರಡನೆಯ ಹಡಗು ನಮ್ಮದು

ಪಾಸ್‌ಪೋರ್ಟಿನ ವಿಷಯದಲ್ಲಿ ನನ್ನನ್ನು ಏಮಾರಿಸುವವರು ಇನ್ನೂ ಹುಟ್ಟಿಲ್ಲ ಎಂದು ನಾನು ನಂಬಿದ್ದೆ. ಕುವೈತಿನ ಮಿರ್ಕಾಬ್‌ನಲ್ಲಿರುವ ನಮ್ಮ ಕಚೇರಿಯಲ್ಲಿ ನನ್ನ ಕೆಲಸವೇ ಅದು. ಯಾರ ವಾಸದ ಪರವಾನಗಿ ಇಕಾಮಾ ಯಾವಾಗ ಮುಗಿಯುತ್ತದೆ, ಯಾರ ಪಾಸ್‌ಪೋರ್ಟಿನಲ್ಲಿ ಖಾಲಿ ಹಾಳೆ ಉಳಿದಿಲ್ಲ, ಯಾರ ಸಿವಿಲ್ ಐಡಿ ಇನ್ನೂ ಬಂದಿಲ್ಲ, ಎಲ್ಲವೂ ನನಗೆ ಬಾಯಿಪಾಠ. ಇದಕ್ಕೆ ಕಾರಣವೂ ಇದೆ. ಇಲ್ಲಿಗೆ ಬಂದ ಹೊಸತರಲ್ಲಿ ನನ್ನ ಮೊದಲ ಕಫೀಲ್, ಅಂದರೆ ನಮ್ಮ ವೀಸಾದ ಯಜಮಾನ, ನನ್ನ ಪಾಸ್‌ಪೋರ್ಟನ್ನು ತನ್ನ ಕಪಾಟಿನಲ್ಲಿಟ್ಟು ಬೀಗ ಹಾಕಿ, "ಹೆದರಬೇಡ, ನನ್ನ ಹತ್ತಿರ ಸೇಫ್" ಎಂದಿದ್ದ. ಅದರ ಮುಖವನ್ನು ಮತ್ತೆ ನೋಡಲು ನಾನು ಪಟ್ಟ ಪಾಡು ನನಗೊಬ್ಬನಿಗೇ ಗೊತ್ತು. ಅಂದಿನಿಂದ ಯಾರಾದರೂ "ಸೇಫ್" ಎಂದರೆ ಸಾಕು, ನನ್ನ ಕೈ ತಾನಾಗಿಯೇ ಜೇಬು ಮುಟ್ಟಿ ನೋಡುತ್ತದೆ.

ಇಂತಹ ನನಗೆ ಮಗಳು ಶೈನಾ ನಮ್ಮ ಮದುವೆಯ ಬೆಳ್ಳಿಹಬ್ಬಕ್ಕೆಂದು ಯುರೋಪಿನ ನದಿ ಪ್ರವಾಸ ಮಾಡಿಸಿದಳು. ಡ್ಯಾನ್ಯೂಬ್ ನದಿಯ ಮೇಲೆ ಹಡಗು. ಹಡಗಿನಲ್ಲೇ ಊಟ, ನಿದ್ದೆ. ದಾರಿಯಲ್ಲಿ ಸಿಕ್ಕುವ ಹಳೆಯ ಊರುಗಳಲ್ಲಿ ಇಳಿದು ತಿರುಗಾಟ. ಶೈನಾ ಕುವೈತಿನಲ್ಲೇ ಹುಟ್ಟಿ ಬೆಳೆದವಳು, ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ. "ಅಲ್ಲಿ ನಾನು ಎಂಥ ಎಲ್ಲ ನೋಡಿಕೊಳ್ಳಬೇಕು ಮಗಾ?" ಎಂದು ಕೇಳಿದ್ದಕ್ಕೆ, "ನಥಿಂಗ್ ಡ್ಯಾಡಾ. ಜಸ್ಟ್ ರಿಲ್ಯಾಕ್ಸ್" ಎಂದಳು. ರಿಲ್ಯಾಕ್ಸ್ ಆಗಬೇಕು ಎಂಬ ಯೋಚನೆಯಲ್ಲಿ ನನಗೆ ವಾರಗಟ್ಟಲೆ ನಿದ್ದೆ ಬರಲಿಲ್ಲ.

ನನ್ನ ಹೆಂಡತಿ ಲವೀನಾ ಜಾಬ್ರಿಯಾದ ಆಸ್ಪತ್ರೆಯೊಂದರಲ್ಲಿ ನರ್ಸ್. ಆಪರೇಷನ್ ಥಿಯೇಟರಿನಲ್ಲಿ ದೊಡ್ಡ ದೊಡ್ಡ ಸರ್ಜನ್‌ಗಳೂ ಅವಳ ಮಾತು ಕೇಳುತ್ತಾರಂತೆ. ಆದರೆ ಹೊರಗೆ ಕಾಲಿಟ್ಟರೆ ಅವಳಿಗೆ ನಾನೇ ಗತಿ ಎಂಬುದು ನನ್ನ ದೃಢವಾದ ಅಭಿಪ್ರಾಯವಾಗಿತ್ತು. ಇಗರ್ಜಿಗೆ, ಅಂಗಡಿಗೆ, ಏರ್‌ಪೋರ್ಟಿಗೆ ಅವಳನ್ನು ಕಾರಿನಲ್ಲಿ ಕೂರಿಸಿಕೊಂಡು ಹೋಗುವವನು ನಾನಲ್ಲವೇ?

ಹೊರಡುವ ಮುಂಚಿನ ದಿನ ಕಚೇರಿಯ ಇಕ್ಬಾಲ್ ಒಂದು ಬಿಳಿ ಬಟ್ಟೆಯ ಬೆಲ್ಟ್ ತಂದುಕೊಟ್ಟ. ಅವನು ಉಪ್ಪಿನಂಗಡಿ ಕಡೆಯ ಬ್ಯಾರಿ, ನನ್ನ ಪಕ್ಕದ ಮೇಜಿನವನು.

"ರೋನಿ ಭಾಯಿ, ಯುರೋಪಿನ ಕಳ್ಳರು ಮುಟ್ಟಿದ್ದೇ ಗೊತ್ತಾಗುದಿಲ್ಲ. ಇದನ್ನು ಅಂಗಿಯ ಒಳಗೆ ಕಟ್ಟಿ. ನಾನು ಉಮ್ರಾಕ್ಕೆ ಹೋಗುವಾಗ ಕಟ್ಟಿದ್ದು. ಅಷ್ಟು ಜನರ ಮಧ್ಯೆಯೂ ಒಂದು ಚೀಟಿ ಹೋಗ್ಲಿಲ್ಲ."

ಬೆಲ್ಟಿನ ತುಂಬ ಜೇಬುಗಳು. ಮೆಕ್ಕಾಕ್ಕೆ ಹೋಗಿ ಬಂದ ಬೆಲ್ಟು ಕೊಂಕಣಿ ಕ್ರಿಶ್ಚಿಯನ್ನನ ಸೊಂಟ ಏರಿ ಯುರೋಪಿಗೆ ಹೊರಟಿತು. ಅದನ್ನು ಕಟ್ಟಿದ ಮೇಲೆ ನನಗೆ ನಾನೇ ಒಂದು ಬ್ಯಾಂಕಿನಂತೆ ಕಂಡೆ.

ಮೊದಲ ಪೆಟ್ಟು ಹಡಗು ಹತ್ತಿದ ಕೂಡಲೇ ಬಿತ್ತು. ಜರ್ಮನಿಯ ಪಸ್ಸಾವ್ ಎಂಬ ಹಳೆಯ ಊರಿನಲ್ಲಿ ನಾವು ಹತ್ತಿದ್ದು. ರಿಸೆಪ್ಶನ್ನಿನಲ್ಲಿದ್ದ ಹುಡುಗಿ ಇಬ್ಬರಿಗೂ ಒಂದೊಂದು ಪ್ಲಾಸ್ಟಿಕ್ ಕಾರ್ಡ್ ಕೊಟ್ಟು, ಪಾಸ್‌ಪೋರ್ಟ್‌ಗಳಿಗಾಗಿ ಕೈ ಚಾಚಿದಳು.

"ಪ್ರವಾಸ ಮುಗಿಯುವ ತನಕ ಇವು ಇಲ್ಲೇ ಇರುತ್ತವೆ ಸರ್. ನಮ್ಮ ಹತ್ತಿರ ಸೇಫ್."

ನನ್ನ ಕಿವಿಯಲ್ಲಿ ಕಫೀಲನ ದನಿ ಕೇಳಿಸಿತು. ಅವಳು ಪಾಸ್‌ಪೋರ್ಟ್‌ಗಳನ್ನು ಆ ಕಡೆಯಿಂದ ಎಳೆದಳು. ನನ್ನ ಬೆರಳುಗಳು ನನ್ನ ಅನುಮತಿ ಇಲ್ಲದೆಯೇ ಈ ಕಡೆಯಿಂದ ಎಳೆದವು.

"ಬಿಡಿ ಮಾರಾಯ್ರೆ, ಜನ ನೋಡ್ತಾರೆ" ಎಂದಳು ಲವೀನಾ.

ಬಿಟ್ಟೆ. ಹುಡುಗಿ ಅವನ್ನು ಹಿಂದಿನ ಮರದ ಕಪಾಟಿನಲ್ಲಿಟ್ಟಳು. ಆದರೆ ಬೀಗ ಹಾಕಿದಳೇ? ನಾನು ನೋಡುವಷ್ಟರಲ್ಲಿ ಯಾರೋ ಒಬ್ಬ ಆರಡಿ ಎತ್ತರದ ಅಜ್ಜ ಅಡ್ಡ ಬಂದ. ಆ ರಾತ್ರಿ ಇಡೀ ನಾನು ಆ ಬೀಗವನ್ನೇ ಯೋಚಿಸುತ್ತ ಮಲಗಿದ್ದೆ.

ಮರುದಿನ ಬೆಳಗ್ಗೆ ಊರು ನೋಡಲು ಹೊರಟೆವು. ಅಲ್ಲೊಂದು ವಿಚಿತ್ರ ಪದ್ಧತಿ. ದಡದಲ್ಲಿ ಜಾಗ ಕಡಿಮೆಯಾದ್ದರಿಂದ, ಮಂಗಳೂರಿನ ಬಂದರಿನಲ್ಲಿ ಮೀನಿನ ಬೋಟುಗಳನ್ನು ಕಟ್ಟುವ ಹಾಗೆ ಹಡಗಿಗೆ ಹಡಗನ್ನು ಒತ್ತಿ ಕಟ್ಟುತ್ತಾರೆ. ನಮ್ಮದು ಹೊರಗಡೆ ಇತ್ತು. ದಡಕ್ಕೆ ಹೋಗಬೇಕಾದರೆ ಮೇಲಿನ ಡೆಕ್ಕಿನಿಂದ ಪಕ್ಕದ ಹಡಗಿಗೆ ದಾಟಿ, ಅದರ ಒಳಗಿನಿಂದ ಇಳಿಯಬೇಕು. ಎರಡೂ ಒಂದೇ ಕಂಪೆನಿಯವು, ಬಣ್ಣ, ಬಾಗಿಲು, ಜಮಖಾನ ಎಲ್ಲ ಒಂದೇ.

"ಸರಿಯಾಗಿ ನೆನಪಿಟ್ಟುಕೋ," ಎಂದು ಲವೀನಾಳಿಗೆ ಹೇಳಿದೆ. "ಮೊದಲನೆಯದು ಬೇರೆಯವರದ್ದು. ಎರಡನೆಯದು ನಮ್ಮದು. ಹೆಂಗಸರಿಗೆ ಇಂಥದ್ದರಲ್ಲಿ ಬೇಗ ಗೊಂದಲ ಆಗ್ತದೆ."

ದಡದಲ್ಲಿ ಗೈಡ್ ಕೂಡ ಹಡಗುಗಳ ಬಗ್ಗೆ ಏನೋ ವಿವರಿಸುತ್ತಿದ್ದಳು. ನಾನು ಕೇಳಿಸಿಕೊಳ್ಳಲಿಲ್ಲ. ನನ್ನ ಗಮನವೆಲ್ಲ ಹಿಂದೆ ನಿಂತಿದ್ದ ಆ ಆರಡಿ ಅಜ್ಜನ ಕೈಗಳ ಮೇಲಿತ್ತು.

ಊರು ಚೆಂದವೇ ಇತ್ತು. ಮೂರು ನದಿಗಳು ಸೇರುವ ಜಾಗ, ಕಲ್ಲು ಹಾಸಿದ ಇಕ್ಕಟ್ಟಿನ ಓಣಿಗಳು, ಕಿಟಕಿಗಳಲ್ಲಿ ಹೂವಿನ ಕುಂಡಗಳು. ಹಳೆಯ ಪುರಭವನದ ಗೋಡೆಯ ಮೇಲೆ ಹಿಂದಿನ ನೆರೆಗಳ ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಗೆರೆ ಎಳೆದಿದ್ದರು. ಒಂದು ಗೆರೆ ನನ್ನ ತಲೆಗಿಂತ ಎಷ್ಟೋ ಮೇಲಿತ್ತು. ಎಲ್ಲರೂ ಅದರ ಕೆಳಗೆ ನಿಂತು ಫೋಟೋ ತೆಗೆಸಿಕೊಂಡರು. ನಾನು ಆಕಾಶದಲ್ಲಿ ಮೋಡವಿದೆಯೇ ಎಂದು ನೋಡಿದೆ.

ಆಮೇಲೆ ದೊಡ್ಡ ಇಗರ್ಜಿಗೆ ಹೋದೆವು. ಅಲ್ಲಿನ ಆರ್ಗನ್ ವಾದನ ಕೇಳಬೇಕೆಂದು ಲವೀನಾಳಿಗೆ ತುಂಬ ಆಸೆ. ಕಣ್ಣು ಮುಚ್ಚಿ ಕುಳಿತವರನ್ನೇ ಕಳ್ಳರು ಹುಡುಕುತ್ತಾರೆಂದು ನಾನು ಅವಳ ಫೋನನ್ನೂ ಪರ್ಸನ್ನೂ ತೆಗೆದು ನನ್ನ ಬೆಲ್ಟಿನಲ್ಲಿ ತುರುಕಿದೆ. ಆರ್ಗನ್ ಗುಡುಗಿತು, ಬೆಂಚು ನಡುಗಿತು. ಜನ ಮೈಮರೆತರು. ನನಗೆ ಮಾತ್ರ ಆ ಗುಡುಗಿನಲ್ಲಿ ಒಂದೇ ಪ್ರಶ್ನೆ ಕೇಳಿಸುತ್ತಿತ್ತು: ಬೀಗ ಹಾಕಿದಳೇ?

"ನಾನು ಹೋಗಿ ಪಾಸ್‌ಪೋರ್ಟ್ ಉಂಟಾ ಅಂತ ನೋಡ್ತೇನೆ," ಎಂದು ಪಿಸುಗುಟ್ಟಿದೆ. "ನೀನು ಗುಂಪಿನ ಜೊತೆ ಬಾ. ಅವರು ಏಳುವ ತನಕ ಇಲ್ಲಿಂದ ಅಲ್ಲಾಡಬೇಡ."

"ನಾನು ಬರ್ತೇನೆ. ನೀವು ದಾರಿ ತಪ್ಪದಿದ್ರೆ ಸಾಕು."

ನಾನು ದಾರಿ ತಪ್ಪುವುದೇ? ಕರುಣೆಯಿಂದ ನಕ್ಕು ಹೊರಟೆ.

ದಡದ ಹಡಗಿನ ಬಾಗಿಲಲ್ಲಿ ಹುಡುಗಿಯೊಬ್ಬಳು ನನ್ನ ಕಾರ್ಡನ್ನು ಯಂತ್ರಕ್ಕೆ ತೋರಿಸಿದಳು. ಯಂತ್ರ ಟಿಂಗ್ ಎಂದಿತು. ಪಕ್ಕದ ಹಡಗಿನವರಲ್ಲೂ ಎಂಥ ಶಿಸ್ತು ಎಂದು ಮೆಚ್ಚಿಕೊಂಡೆ. ಹುಡುಗಿ ನಮ್ಮ ರಿಸೆಪ್ಶನ್ನಿನವಳ ಹಾಗೆಯೇ ಇದ್ದಳು, ಅದೇ ಸ್ಕಾರ್ಫ್, ಅದೇ ನಗು. ಕಂಪೆನಿಯವರು ಮುಖಗಳನ್ನೂ ಒಂದೇ ಅಳತೆಯಲ್ಲಿ ತರಿಸುತ್ತಾರೆಂದುಕೊಂಡು, ಮೇಲೆ ಹತ್ತಿ ಎರಡನೆಯ ಹಡಗಿಗೆ ದಾಟಿದೆ. ಕೆಳಗಿಳಿದರೆ ರಿಸೆಪ್ಶನ್ನಿನಲ್ಲಿ ಯಾರೂ ಇಲ್ಲ. ಆದರೆ ಕಪಾಟಿತ್ತು. ಕಪಾಟಿಗೆ ಬೀಗವಿತ್ತು!

ನನ್ನ ಎದೆಯ ಮೇಲಿನ ಬಂಡೆ ಇಳಿಯಿತು. ಕಪಾಟಿನ ಎದುರಿಗಿದ್ದ ಸೋಫಾದಲ್ಲಿ ಕಾವಲಿಗೆ ಕುಳಿತೆ. ಹಿಂದಿನ ರಾತ್ರಿಯ ನಿದ್ದೆ ಬಾಕಿ ಇತ್ತು, ಸೋಫಾ ಮೆತ್ತಗಿತ್ತು.

ಎಚ್ಚರವಾದಾಗ ಕಿಟಕಿಯ ಹೊರಗೆ ಮರಗಳು ನಡೆಯುತ್ತಿದ್ದವು. ಸ್ವಲ್ಪ ಹೊತ್ತು ಮರಗಳನ್ನೇ ನೋಡಿದೆ. ಆಮೇಲೆ ಅರ್ಥವಾಯಿತು, ನಡೆಯುತ್ತಿದ್ದುದು ಹಡಗು. ಎದ್ದು ಊಟದ ಹಾಲ್ ನೋಡಿದೆ, ಡೆಕ್ ನೋಡಿದೆ. ಲವೀನಾ ಇಲ್ಲ. ನಮ್ಮ ಗುಂಪಿನ ಒಂದು ಮುಖವೂ ಇಲ್ಲ. ಇಡೀ ಗುಂಪನ್ನೇ ಬಿಟ್ಟು ಬಂದಿದ್ದಾರೆ ಎಂದುಕೊಂಡೆ.

ಕೈಕಾಲು ತಣ್ಣಗಾದವು. ಅವಳ ಫೋನ್ ನನ್ನ ಸೊಂಟದಲ್ಲಿ. ಅವಳ ದುಡ್ಡು ನನ್ನ ಸೊಂಟದಲ್ಲಿ. ಅವಳ ಪಾಸ್‌ಪೋರ್ಟ್ ಈ ಕಪಾಟಿನಲ್ಲಿ. ಭಾಷೆ ಬಾರದ ಊರಿನಲ್ಲಿ ಬರಿಗೈಯಲ್ಲಿ ನಿಂತಿರುವ ಹೆಂಗಸನ್ನು ಕಲ್ಪಿಸಿಕೊಂಡೆ. ಅಲ್ಲಾಡಬೇಡ ಎಂದು ಬೇರೆ ಹೇಳಿ ಬಂದಿದ್ದೆ. ಮದುವೆಯಾದಂದಿನಿಂದ ನನ್ನ ಒಂದು ಮಾತನ್ನೂ ಕೇಳದವಳು, ಇವತ್ತೇ ಕೇಳಿಬಿಟ್ಟಿದ್ದರೆ? ನಾಚಿಕೆ ಬಿಟ್ಟು ಹೇಳುತ್ತೇನೆ, ಆ ಹೊತ್ತಿನಲ್ಲಿ ಪಾಸ್‌ಪೋರ್ಟುಗಳನ್ನು ಬೇಕಾದರೆ ನದಿಗೆ ಎಸೆಯಲಿ, ಅವಳೊಬ್ಬಳು ಸಿಕ್ಕಲಿ ಎಂದು ದೇವರಿಗೆ ಹೇಳಿಕೊಂಡೆ.

ರಿಸೆಪ್ಶನ್ನಿಗೆ ಈಗ ಒಬ್ಬ ಯುವಕ ಬಂದಿದ್ದ.

"ಹಡಗು ನಿಲ್ಲಿಸಿ. ನನ್ನ ಹೆಂಡತಿ ದಡದಲ್ಲೇ ಉಳಿದಿದ್ದಾಳೆ."

ಅವನ ಮುಖವೂ ಬಿಳಿಚಿತು. ಕ್ಯಾಬಿನ್ ನಂಬರ್ ಕೇಳಿದ, ಹೇಳಿದೆ. ಫೋನ್ ಮಾಡಿ ಮಾತಾಡಿ ನಕ್ಕ. "ಮೇಡಂ ಕ್ಯಾಬಿನ್ನಿನಲ್ಲೇ ಇದ್ದಾರೆ ಸರ್. ಸ್ನಾನ ಮಾಡುತ್ತಿದ್ದರಂತೆ."

ಓಡಿದೆ. ಬಾಗಿಲಿಗೆ ಕಾರ್ಡ್ ಒತ್ತಿದೆ, ಕೆಂಪು ದೀಪ ಹತ್ತಿತು. ಮತ್ತೆ ಒತ್ತಿದೆ, ಮತ್ತೆ ಕೆಂಪು. ಬಾಗಿಲು ಬಡಿದು, "ಲವೀನಾ, ತೆಗಿ, ನಾನು" ಎಂದು ಕೂಗಿದೆ. ಬಾಗಿಲು ತೆರೆಯಿತು. ತಲೆಗೆ ಟವಲ್ ಸುತ್ತಿ, ಮುಖಕ್ಕೆ ಬಿಳಿ ಕ್ರೀಮ್ ಬಳಿದುಕೊಂಡ ಬಿಳಿಯ ಅಜ್ಜಿಯೊಬ್ಬರು ನಿಂತಿದ್ದರು.

ಕುವೈತಿನ ಬುದ್ಧಿ ಕೂಡಲೇ ಕೆಲಸ ಮಾಡಿತು. ಪರಸ್ತ್ರೀಯ ಕೋಣೆಯ ಬಾಗಿಲು ಬಡಿದಿದ್ದೇನೆ. ಪೊಲೀಸ್, ಬೆರಳಚ್ಚು, ಊರಿಗೆ ಒನ್‌ವೇ ಟಿಕೆಟ್, ಖಲಾಸ್. ಅಷ್ಟರಲ್ಲಿ ಅಜ್ಜಿಯ ಹಿಂದೆ ಬನಿಯನ್ ತೊಟ್ಟ ಅಜ್ಜ ಕಾಣಿಸಿಕೊಂಡರು.

"ನನ್ನ ಹೆಂಡತಿ ಎಲ್ಲಿ?" ಎಂದು ನಾನು ಅಳುದನಿಯಲ್ಲಿ ಕೇಳಿದೆ.

ಅಜ್ಜ ಗಾಬರಿಯಾಗಿ ಮೊದಲು ತಮ್ಮ ಹೆಂಡತಿಯನ್ನು ನೋಡಿಕೊಂಡರು.

ಹಡಗಿನ ಮ್ಯಾನೇಜರ್ ಓಡಿ ಬಂದ. ನನ್ನ ಕಾರ್ಡನ್ನು ತಿರುಗಿಸಿ ನೋಡಿದ. ಬಹಳ ಮರ್ಯಾದೆಯಿಂದ ಹೇಳಿದ: "ಸರ್, ನಿಮ್ಮ ಹೆಂಡತಿ ಕಳೆದುಹೋಗಿಲ್ಲ. ಕಳೆದುಹೋಗಿರುವುದು ನೀವು."

ನಾವು ಊರು ನೋಡಲು ಹೋಗಿದ್ದಾಗ ಹಡಗುಗಳು ಜಾಗ ಬದಲಿಸಿದ್ದವು. ನಮ್ಮದು ದಡಕ್ಕೆ ಬಂದಿತ್ತು, ಅವರದ್ದು ಹೊರಗೆ. ಗೈಡ್ ಬೆಳಗ್ಗೆ ಹೇಳಿದ್ದು ಅದನ್ನೇ ಅಂತೆ. ನಾನು ನನ್ನ ಸ್ವಂತ ಹಡಗಿಗೆ ಬಂದು, ಸ್ವಂತ ರಿಸೆಪ್ಶನ್ ಹುಡುಗಿಯ ಕೈಯಲ್ಲಿ ಟಿಂಗ್ ಅನ್ನಿಸಿಕೊಂಡು, ಅದರೊಳಗಿನಿಂದ ಸಲೀಸಾಗಿ ನಡೆದು ಪರರ ಹಡಗಿಗೆ ಹೋಗಿ, ಪರರ ಪಾಸ್‌ಪೋರ್ಟುಗಳಿಗೆ ಕಾವಲು ಕುಳಿತಿದ್ದೆ!

"ಈಗ ನಾವು ಎಲ್ಲಿದ್ದೇವೆ?" ಎಂದು ಕೇಳಿದೆ.

"ಇನ್ನೇನು ಆಸ್ಟ್ರಿಯಾ ಸರ್."

ಮಿರ್ಕಾಬ್ ಕಚೇರಿಯ ಪಾಸ್‌ಪೋರ್ಟ್ ಪಂಡಿತ ಪಾಸ್‌ಪೋರ್ಟ್ ಇಲ್ಲದೆ ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಸಾಗುತ್ತಿದ್ದಾನೆ. ಮ್ಯಾನೇಜರ್ ನಮ್ಮ ಹಡಗಿಗೆ ವೈರ್‌ಲೆಸ್ಸಿನಲ್ಲಿ ಮಾತಾಡಿದ. ಆಮೇಲೆ ನನ್ನತ್ತ ತಿರುಗಿದ.

"ನಿಮ್ಮ ಹಡಗು ನಮ್ಮ ಹಿಂದೆಯೇ ಬರುತ್ತಿದೆ. ಮೇಡಂ ಹೇಳಿದರು, ಬಿಪಿ ಮಾತ್ರೆ ಬೆಲ್ಟಿನ ಎಡಗಡೆ ಜೇಬಿನಲ್ಲಿದೆಯಂತೆ. ಮೊದಲು ಅದನ್ನು ತೆಗೆದುಕೊಳ್ಳಬೇಕಂತೆ."

ಅಲ್ಲಿದ್ದವರೆಲ್ಲ ನನ್ನ ಹೊಟ್ಟೆಯನ್ನು ನೋಡಿದರು. ಗುಟ್ಟಿನ ಬೆಲ್ಟು ಅಲ್ಲಿಗೆ ಬಯಲಾಯಿತು.

ಮುಂದೆ ನದಿಗೆ ಅಡ್ಡಲಾಗಿ ಅಣೆಕಟ್ಟು. ಅದರ ಪಕ್ಕದಲ್ಲಿ ಹಡಗುಗಳನ್ನು ಕೆಳಗಿಳಿಸಲು ಕಾಂಕ್ರೀಟಿನ ದೊಡ್ಡ ತೊಟ್ಟಿ. ಹಡಗುಗಳು ಒಳಗೆ ಹೋದ ಮೇಲೆ ಗೇಟು ಮುಚ್ಚಿ ನೀರನ್ನು ಹೊರಬಿಡುತ್ತಾರೆ, ಹಡಗು ಮೆಲ್ಲಗೆ ಕೆಳಗಿಳಿಯುತ್ತದೆ. ನಮ್ಮ ಹಡಗೂ ಬಂದು ಪಕ್ಕದಲ್ಲೇ ನಿಂತಿತು. ಅಲ್ಲೇ ನನ್ನನ್ನು ದಾಟಿಸುವುದೆಂದು ತೀರ್ಮಾನವಾಯಿತು.

ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ತೊಡಿಸಿದರು. ಬೆಲ್ಟಿನ ದಪ್ಪಕ್ಕೆ ಅದರ ಕೊಂಡಿ ಕೂಡಲಿಲ್ಲ. ಬೆಲ್ಟ್ ಬಿಚ್ಚಿ ಎಂದರು, ಬಿಚ್ಚಲಾರೆ ಎಂದೆ. ಕೊನೆಗೆ ಹಗ್ಗದಿಂದ ಕಟ್ಟಿದರು. ಎರಡೂ ಬದಿಯಲ್ಲಿ ಪಾಚಿ ಹಿಡಿದ ಕರಿ ಗೋಡೆಗಳು ಮೇಲಕ್ಕೆ ಏಳುತ್ತಿದ್ದವು. ನಡುವೆ ಒಂದು ಗೇಣು ಕಪ್ಪು ನೀರು ಗುಳುಗುಳು ಎನ್ನುತ್ತಿತ್ತು. ಎರಡೂ ಹಡಗಿನ ಪ್ರವಾಸಿಗಳು ಹಳೆಯ ಊರುಗಳನ್ನು ಮರೆತು, ಕಾಫಿ ಕಪ್ ಹಿಡಿದು ನನ್ನನ್ನು ನೋಡಲು ನಿಂತಿದ್ದರು. ಇಬ್ಬರು ನಾವಿಕರು ರಟ್ಟೆ ಹಿಡಿದರು. ನಾನು ಕಣ್ಣು ಮುಚ್ಚಿ ಮೇರಿ ಮಾತೆಯ "ನಮಾನ್ ಮರಿಯೆ" ಜಪ ಶುರು ಮಾಡಿದೆ. ಅದು ಅರ್ಧವಾಗುವಷ್ಟರಲ್ಲಿ ಆ ಕಡೆ ಇದ್ದೆ. ಚಪ್ಪಾಳೆ ಬಿತ್ತು. ಟವಲಿನ ಅಜ್ಜಿ ಕೈ ಬೀಸಿದರು.

ಲವೀನಾ ಮುಂದೆ ನಿಂತಿದ್ದಳು. ಅವಳ ಕೈ ಹಿಡಿದುಕೊಂಡು ನಾನು ಅತ್ತುಬಿಟ್ಟೆ.

"ನಿನ್ನನ್ನು ಬಿಟ್ಟು ಬಂದೆ ಅಂತ ಗ್ರಹಿಸಿದೆ."

"ಮೊದಲು ಕೂತ್ಕೊಳ್ಳಿ. ಪಲ್ಸ್ ಓಡ್ತಾ ಉಂಟು" ಎಂದಳು. ಆದರೆ ಅವಳ ಬೆರಳುಗಳೂ ತಣ್ಣಗಿದ್ದವು.

"ನೀನು ಫೋನಿಲ್ಲದೆ ಹೇಗೆ ಬಂದೆ?"

"ಎಲ್ಲರೊಟ್ಟಿಗೆ ನಡ್ಕೊಂಡು ಬಂದೆ. ನೀವು ಕಾಣದ್ದಕ್ಕೆ ರಿಸೆಪ್ಶನ್ನಿನಲ್ಲಿ ಕೇಳಿದೆ. ನೀವು ಒಳಗೆ ಬಂದಾಗಿದೆ ಅಂತ ಕಂಪ್ಯೂಟರಿನಲ್ಲಿ ಉಂಟಂತೆ. ಎಲ್ಲಿಯೋ ಪಾಸ್‌ಪೋರ್ಟ್ ಕಾಯ್ತಾ ಕೂತಿರ್ಬೇಕು ಅಂತ ನಾನು ಸುಮ್ಮನಾದೆ."

ಅದು ನಿಜವೇ ಆಗಿತ್ತು. ಹೆಂಡತಿಯ ಫೋನು, ದುಡ್ಡು, ನನ್ನ ಮಾತ್ರೆ, ಎಲ್ಲ ನನ್ನ ಸೊಂಟದಲ್ಲಿ ಭದ್ರವಾಗಿತ್ತು. ಎಲ್ಲಿಯೂ ಇಲ್ಲದವನು ನಾನೊಬ್ಬನೇ.

ಮರುದಿನ ಇನ್ನೊಂದು ಹಳೆಯ ಊರು ಬಂತು. ಲವೀನಾ ಬೆಲ್ಟಿನಿಂದ ತನ್ನ ಫೋನು, ಪರ್ಸು ತೆಗೆದುಕೊಂಡಳು. ನನ್ನ ತೋಳು ಹಿಡಿದು ರಿಸೆಪ್ಶನ್ನಿಗೆ ಕರೆದುಕೊಂಡು ಹೋದಳು.

"ನಮ್ಮ ಪಾಸ್‌ಪೋರ್ಟ್‌ಗಳು ಸೇಫ್ ಉಂಟಲ್ಲ?" ಎಂದು ಕೇಳಿದಳು.

"ತುಂಬ ಸೇಫ್ ಮೇಡಂ."

"ಹಾಗಾದ್ರೆ ನಾನು ಊರು ನೋಡಿ ಬರುವ ತನಕ ಇವರನ್ನೂ ಇಟ್ಟುಕೊಳ್ಳಿ." ನನ್ನತ್ತ ತಿರುಗಿ, "ಅಲ್ಲಾಡಬೇಡಿ" ಎಂದಳು.

ಹುಡುಗಿ ನಕ್ಕು, "ಹೆದರಬೇಡಿ ಸರ್, ನಮ್ಮ ಹತ್ತಿರ ಸೇಫ್" ಎಂದಳು. ಜೀವಮಾನದಲ್ಲಿ ಮೊದಲ ಬಾರಿಗೆ ಆ ಮಾತು ಕೇಳಿ ನನಗೆ ಸಮಾಧಾನವಾಯಿತು. ಕಪಾಟಿನ ಎದುರಿನ ಸೋಫಾದಲ್ಲಿ ಕುಳಿತೆ. ಹಡಗು ನಮ್ಮದೇ ಹೌದೋ ಎಂದು ಆ ಹುಡುಗಿಯನ್ನೇ ಒಮ್ಮೆ ಕೇಳಿಕೊಂಡೆ. ಆಮೇಲೆ ಲವೀನಾ ಬರುವ ತನಕ ಅಲ್ಲಾಡಲಿಲ್ಲ.