ಪ್ರಭುಲಿಂಗ ಕಟ್ಟಿದ ಅಟ್ಟಣಿಗೆ

ಬೆಟಗೇರಿಯ ಪ್ರಭುಲಿಂಗ ಹೋದ ಗುರುವಾರ ಮಧ್ಯಾಹ್ನ ತೀರಿಕೊಂಡ. ಹೃದಯ ನಿಂತಿತು ಎಂದು ಡಾಕ್ಟರು ಹೇಳಿದರು. ಅಟ್ಟಣಿಗೆಯಿಂದ ಬಿದ್ದು ಸತ್ತ ಎಂಬ ಸುದ್ದಿ ಮುಳಗುಂದದ ಬೀಗರವರೆಗೂ ಹೋಗಿದೆ. ಅದು ಸುಳ್ಳು. ಬಿದ್ದದ್ದು ನಿಜ, ಆದರೆ ನಾಲ್ಕು ತಿಂಗಳ ಹಿಂದೆ. ಆಗ ಮುರಿದದ್ದು ಬಲಗಾಲು ಮತ್ತು ನಲವತ್ತು ವರ್ಷದ ಮರ್ಯಾದೆ. (ಕಾಲು ಕೂಡಿತು.) ಬದುಕಿದ್ದಾಗ ಅವನೆದುರಿಗೇ ಹೇಳಿ ನಗುತ್ತಿದ್ದ ಸಂಗತಿ ಇದು, ಈಗ ಅವನ ಬೆನ್ನ ಹಿಂದೆ ನಗಬೇಕಾಗಿದೆ.

ಮಗ್ಗ ಬಿಟ್ಟ ಮೇಲೆ ಪ್ರಭುಲಿಂಗನಿಗೆ ಮನೆಯ ಮೇಲೊಂದು ಖೋಲಿ ಕಟ್ಟಿಸುವ ಹುಚ್ಚು ಹಿಡಿಯಿತು. ಗುತ್ತಿಗೆದಾರನನ್ನು ಕರೆಸಿದ. ಆ ಮನುಷ್ಯ ಗೋಡೆ ನೋಡುವ ಮೊದಲೇ ಕೆಲಸಗಾರರು ನಿಲ್ಲುವ ಅಟ್ಟಣಿಗೆಗೆ ಕಬ್ಬಿಣದ ಪೈಪು, ತಲೆಗೆ ಹೆಲ್ಮೆಟ್ಟು, ಸೊಂಟಕ್ಕೆ ಬೆಲ್ಟು ಎಂದು ಪಟ್ಟಿ ಓದತೊಡಗಿದ.

"ನಾ ಖೋಲಿ ಕಟ್ಟಸಾಕತ್ತೇನೋ, ಲಡಾಯಿಗೆ ದಂಡು ಕಳಸಾಕತ್ತೇನೋ?" ಎಂದು ಪ್ರಭುಲಿಂಗ ಅವನಿಗೆ ಚಹಾ ಕುಡಿಸಿ ಕಳಿಸಿಬಿಟ್ಟ. ಗೋಡೆ ಕಟ್ಟುವ ಗೌಂಡಿ ಶಫೀಕನನ್ನು ತಾನೇ ಗೊತ್ತುಮಾಡಿ, ಕೆಲಸದ ಸರ್ವಾಧಿಕಾರವನ್ನು ತಾನೇ ವಹಿಸಿಕೊಂಡ.

ಗೋಡೆ ಎದ್ದವು. ಹೊರಗೋಡೆಯ ಪ್ಲಾಸ್ಟರಿಗೆ ಅಟ್ಟಣಿಗೆ ಕಟ್ಟುವ ದಿನ ಬಂತು. ಶಫೀಕ ಬಿದಿರು, ಹಗ್ಗ ತಂದ. ಪ್ರಭುಲಿಂಗ ಹಗ್ಗ ಕಸಿದುಕೊಂಡ.

"ಸರಿ ಆಚೆ. ಗಂಟು ನಾ ಹಾಕತೇನಿ."

"ಯಜಮಾನ್ರ, ಇದು ಗೌಂಡಿ ಕೆಲಸರಿ."

"ನಲವತ್ತು ವರ್ಷ ಎಳಿ ಕೂಡಿಸೇನಲೇ. ನನ್ನ ಗಂಟು ಬಿಚ್ಚಿದ್ದು ಯಾರರ ನೋಡ್ಯಾರೇನು?"

"ಯಾರೂ ನೋಡಿಲ್ರಿ. ಆದ್ರ ನೀವು ನೇಯ್ದ ಸೀರಿ ಮ್ಯಾಲ ಯಾರೂ ನಿಂತೂ ನೋಡಿಲ್ರಿ."

ಅವನು ಹಾಕಿದ್ದು ನೇಕಾರರ ಗಂಟು. ಕಡಿದ ಎಳೆಗೆ ಹಾಕಿದರೆ ಉಟ್ಟವಳ ಬೆರಳಿಗೂ ಸಿಗದಷ್ಟು ಸಣ್ಣದು. ಎಳೆ ಬಿಗಿಯಾಗಿರುವವರೆಗೆ ಗಟ್ಟಿ. ಅಲುಗಾಡುವ ದಪ್ಪ ಹಗ್ಗದಲ್ಲಿ ಮಾತ್ರ ಅದು ಸದ್ದಿಲ್ಲದೆ ಸಡಿಲಾಗುತ್ತದೆ. ಇದನ್ನು ಮಗ್ಗ ಅವನಿಗೆ ಕಲಿಸಿರಲಿಲ್ಲ.

ಸಂಜೆ ಅಣ್ಣನ ಮಗಳು ಅಂಕಿತಾ ಬಂದಳು. ಗದಗಿನಲ್ಲಿ ಎಂಜಿನಿಯರರೊಬ್ಬರ ಆಫೀಸಿನಲ್ಲಿ ಕೆಲಸ ಮಾಡುವ ಹುಡುಗಿ. ಅಟ್ಟಣಿಗೆಯನ್ನು ಒಂದೇ ಕೈಯಿಂದ ಅಲುಗಿಸಿದಳು. ಅದು ಸಂಗೀತ ಕೇಳಿದಂತೆ ತಲೆದೂಗಿತು.

"ಕಾಕಾ, ಇದರ ಮ್ಯಾಲ ಹತ್ತಿ ಶಫೀಕಣ್ಣ ಬಿದ್ರ ಯಾರ ಜವಾಬ್ದಾರಿ?"

"ಬಿದ್ದಾವಂದು."

"ಅಲ್ಲ. ಗುತ್ತಿಗೆದಾರನ್ನ ಕಳಿಸಿ ನೀನ ಕೆಲಸ ನಡಸಾಕತ್ತಿ. ಅಟ್ಟಣಿಗಿನೂ ನೀನ ಕಟ್ಟಿ. ಕೋರ್ಟಿನಾಗ ಮೊದಲ ನಿನ್ನ ಹೆಸರು ಕೂಗತಾರ."

"ನನ್ನ ಮನಿ, ನನ್ನ ಗ್ವಾಡಿ! ಕೋರ್ಟಿಗೇನ ಸಂಬಂಧ?"

"ಗ್ವಾಡಿ ನಿಂದು ಕಾಕಾ. ಗೌಂಡಿ ನಿಂದಲ್ಲ."

ಒಳಗಿನಿಂದ ಹೆಂಡತಿ ಚೌಡವ್ವನೂ ಸೇರಿಕೊಂಡಳು. "ದೃಷ್ಟಿ ಆಗಬಾರದಂತ ಮನಿಗೆ ಕುಂಬಳಕಾಯಿ ಕಟ್ಟೀರಿ, ಕರೀ ಗೊಂಬಿ ಕಟ್ಟೀರಿ, ಹಳೇ ಚಪ್ಪಲಿನೂ ಕಟ್ಟೀರಿ. ಆ ಶಫೀಕನ ನಡಕ್ಕ ಒಂದು ಹಗ್ಗ ಕಟ್ಟಸಾಕ ನಿಮಗ ಏನ ಧಾಡಿ?"

ಪ್ರಭುಲಿಂಗನ ಕಿವಿಯಲ್ಲಿ ಉಳಿದದ್ದು ಕೋರ್ಟು ಎಂಬ ಶಬ್ದವೊಂದೇ. ಹಗ್ಗ ಬಿಚ್ಚಿಸಿ ಮತ್ತೆ ಕಟ್ಟಿಸಲಿಲ್ಲ. ಮರುದಿನ ಬೆಳಿಗ್ಗೆ ಬಾಂಡ್ ಪೇಪರು ತಂದು ಘನಗಂಭೀರ ಶಾಸನವೊಂದನ್ನು ಬರೆದ: "ಈ ಅಟ್ಟಣಿಗೆಯನ್ನು ಏರುವವರು ಸ್ವಸಂತೋಷದಿಂದ ಏರುತ್ತಿದ್ದು, ಬಿದ್ದಲ್ಲಿ ಮಾಲೀಕ ಪ್ರಭುಲಿಂಗನು ಹೊಣೆಯಲ್ಲ. ಹೊಣೆ ಏರಿದವರದು ಮತ್ತು ದೇವರದು."

ಶಫೀಕ ಅದನ್ನು ಎರಡು ಸಲ ಓದಿದ. "ನಾ ಸಹಿ ಮಾಡೂದು ಆಮ್ಯಾಲ. ದೇವರ ಸಹಿ ಎಲ್ಲೈತ್ರಿ?"

"ಏನಲೇ, ಚೇಷ್ಟಿ?"

"ಚೇಷ್ಟಿ ಅಲ್ರಿ. ಮನ್ಯಾಗ ಮೂರು ಹೆಣ್ಣಮಕ್ಕಳದಾವು. ನಾ ಬಿದ್ರ ಈ ಕಾಗದ ಅವಕ್ಕ ರೊಟ್ಟಿ ಬಡದ ಹಾಕತೈತೇನು? ನಾ ಹತ್ತೂದಿಲ್ಲ."

ಓಣಿಯ ಜನ ಕೂಡಿದರು. ಗಂಟಿನ ಮಾನ ಬೀದಿಗೆ ಬಂದಿತ್ತು. ಪ್ರಭುಲಿಂಗ ಲುಂಗಿ ಮೇಲೆತ್ತಿ ಕಟ್ಟಿ, "ನಾನ ಹತ್ತಿ ತೋರಸತೇನಿ!" ಎಂದು ಬಿದಿರಿಗೆ ಕೈ ಹಾಕಿದ. ಚೌಡವ್ವ ಅಡ್ಡ ಬಂದಳು, ಕೈಯಲ್ಲಿ ಕಾಗದ ಹಿಡಿದುಕೊಂಡು.

"ಸಹಿ ಮಾಡಿ ಹತ್ರಿ. ಕಾಯ್ದೆ ಎಲ್ಲಾರಿಗೂ ಒಂದ."

ಅವನು ಸಹಿ ಮಾಡಿದ. ಹೀಗಾಗಿ ಪ್ರಭುಲಿಂಗನಿಗೆ ಏನಾದರೂ ಆದರೆ ಪ್ರಭುಲಿಂಗ ಹೊಣೆಯಲ್ಲವೆಂದು ಪ್ರಭುಲಿಂಗನೇ ಬರೆದುಕೊಟ್ಟಂತಾಯಿತು. ಮೇಲೆ ಹತ್ತಿ, ಹಲಗೆಯ ಮೇಲೆ ನಿಂತು, ಗಂಟಿನ ಶಕ್ತಿ ಲೋಕಕ್ಕೆ ತಿಳಿಯಲೆಂದು ಎರಡು ಸಲ ಜಿಗಿದ. ಮೊದಲನೆಯದಕ್ಕೆ ಏನೂ ಆಗಲಿಲ್ಲ. ಎರಡನೆಯದಕ್ಕೆ ಅವನು, ಹಲಗೆ, ಹಗ್ಗ ಮೂವರೂ ಬೇರೆ ಬೇರೆ ದಾರಿ ಹಿಡಿದು ಕೆಳಗೆ ಬಂದರು. ಗೋಡೆಗೆ ಆಗಬೇಕಾದ ಪ್ಲಾಸ್ಟರು ಅವನ ಕಾಲಿಗಾಯಿತು.

ಆಸ್ಪತ್ರೆಯಲ್ಲಿ ಮೊದಲು ಕೇಳಿದ್ದೇ ಆ ಕಾಗದವನ್ನು. "ಅದು ಚಹಾ ಸೋಸಾಕೂ ಬರೂದಿಲ್ಲ ಕಾಕಾ," ಎಂದಳು ಅಂಕಿತಾ. "ಸಹಿ ಹಾಕಿಸಿಕೊಂಡ್ರ ಹೊಣಿ ಹೊಂಟ ಹೋಗೂದಿಲ್ಲ. ನಿನ್ನ ದೈವ ಚಲೋ ಇತ್ತು, ಉಸುಕಿನ ಮ್ಯಾಲ ಬಿದ್ದಿ. ಶಫೀಕಣ್ಣ ನಿಂದ್ರೂ ಕಡೆ ಕೆಳಗ ಬರೇ ಕಲ್ಲು."

ಪ್ರಭುಲಿಂಗ ಆ ಹೊತ್ತು ಊಟ ಮಾಡಲಿಲ್ಲ.

ಆಮೇಲೆ ಬಂದವು ಕಬ್ಬಿಣದ ಪೈಪು, ಬೆಲ್ಟು, ಹೆಲ್ಮೆಟ್ಟು. ಹಿತ್ತಲಿನ ಕಡೆಯಿಂದ ಮೇಲಕ್ಕೆ ಮೆಟ್ಟಿಲೂ ಆದವು. ಆದರೆ ಪ್ರಭುಲಿಂಗ ಶಾಣ್ಯಾ ಆದ ಎಂದುಕೊಂಡವರು ಕೆಟ್ಟರು. ಕೋಲೂರಿಕೊಂಡು ನಿಂತು, ಹೆಲ್ಮೆಟ್ಟು ಹಾಕ್ರಿ ಎಂದು ಕಂಡವರನ್ನೆಲ್ಲ ಹಗಲೆಲ್ಲ ಕಾಡತೊಡಗಿದ. ಉಸುಕು ಹೊರಲು ಮಲ್ಲಸಮುದ್ರದಿಂದ ಬರುವ ಹನಮಂತವ್ವ ಒಮ್ಮೆ ಕೇಳಿಯೇಬಿಟ್ಟಳು: "ಯಪ್ಪಾ, ಸಿಂಬಿ ಈ ಟೊಪಗಿ ಮ್ಯಾಲ ಇಡ್ಲ್ಯೋ ಕೆಳಗ ಇಡ್ಲ್ಯೋ? ಬುಟ್ಟಿ ನಿಂದ್ರವಲ್ದು!" ಹಿತ್ತಲಿಗೆ ಪಾತ್ರೆ ತೊಳೆಯಲು ಹೋಗುವ ಚೌಡವ್ವನಿಗೂ ಹೆಲ್ಮೆಟ್ಟು ತಪ್ಪಲಿಲ್ಲ.

ಅವನ ಕೊನೆಯ ದಿನವಾದ ಆ ಗುರುವಾರ ಮಧ್ಯಾಹ್ನ ಉಳಿದದ್ದು ಮಾಳಿಗೆಯ ಅಂಚಿನಲ್ಲಿ ಒಂದು ನೀರಿನ ಪೈಪು ಬಿಗಿಯುವ ಕೆಲಸ. ಶಫೀಕ ಮುಂಬಾಗಿಲ ಕಡೆ ಏಣಿ ಹಚ್ಚಿ ಹತ್ತಿದ. ಪ್ರಭುಲಿಂಗ ಕೋಲು ಬಿಸಾಕಿ ಎರಡೂ ಕೈಯಿಂದ ಏಣಿ ಹಿಡಿದ. ಬಿಸಿಲಿಗೆ ಕಣ್ಣು ಕಿರಿದು ಮಾಡಿ ಮೇಲೆ ನೋಡುತ್ತ ಅರ್ಧ ತಾಸು ನಿಂತ. ಬೆವರು ಕಣ್ಣಿಗಿಳಿದರೂ ಒರೆಸಿಕೊಳ್ಳಲಿಲ್ಲ.

ಚೌಡವ್ವ ಹೊರಗೆ ಬಂದಳು. "ರೀ, ಯಾರಿಗಂತ ಏಣಿ ಹಿಡದೀರಿ?"

"ಕಣ್ಣ ಕಾಣವಲ್ವೇನು? ಶಫೀಕ ಮ್ಯಾಲದಾನ."

"ನಾ ಇಲ್ಲೇ ಅದೇನ್ರಿ ಯಜಮಾನ್ರ," ಎಂದ ಶಫೀಕ, ಅವನ ಬೆನ್ನ ಹಿಂದಿನ ಕಟ್ಟೆಯ ಮೇಲೆ ಕೂತು ಬಸಿಯಲ್ಲಿದ್ದ ಚಹಾ ಊದುತ್ತ. "ಆವಾಗನ ಹಿತ್ತಲ ಮೆಟ್ಟಲಾ ಇಳದ ಬಂದೆ. ನೀವ ಕಟ್ಟಿಸಿದ್ದರಿ."

ಓಣಿಯೆಲ್ಲ ನಕ್ಕಿತು. ಪ್ರಭುಲಿಂಗ ತಿರುಗಿ ನೋಡಿದ, ಮತ್ತೆ ಮೇಲೆ ನೋಡಿದ. ಕೈ ಮಾತ್ರ ಸಡಿಲಿಸಲಿಲ್ಲ.

"ಮ್ಯಾಲ ಮತ್ತ್ಯಾರರ ಅದಾರೇನು?"

"ಯಾರೂ ಇಲ್ರಿ."

"ಖರೆ?"

"ಖರೇನರಿ."

ಆಗ ಅವನು ಮೊದಲು ಒಂದು ಕೈ, ಆಮೇಲೆ ಇನ್ನೊಂದು ಕೈ, ಏಣಿಯಿಂದ ತೆಗೆದ.