ಹೊರಮಾವಿನ ಬ್ಲ್ಯಾಕ್ ಹೋಲ್

ಕಣ್ಣಿಗೆ ಕಾಣದ್ದರ ಬಗ್ಗೆ ಪಿಎಚ್‌ಡಿಗೆ ಕೂತವನಿಗೆ ಇಂಥವು ಆಗುತ್ತಲೇ ಇರುತ್ತವೆ. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ನನಗಂತೂ ವಾರಕ್ಕೊಂದು ಗ್ಯಾರಂಟಿ.

೧. ಮನೆ ಸಿಕ್ಕಿದ್ದು

ಬೆಂಗಳೂರಿನ ಹೊರಮಾವಿನಲ್ಲಿ ಒಂದು ಮನೆಯ ಕೋಣೆ ಬಾಡಿಗೆಗೆ ಕೇಳಲು ಹೋದೆ. ಫ್ಯಾಕ್ಟರಿಯಿಂದ ರಿಟೈರ್ ಆಗಿದ್ದ ಓನರ್, ಕೆಲಸ ಏನೆಂದು ವಿಚಾರಿಸಿದರು.

“ಆಕಾಶದಲ್ಲಿ ಬ್ಲ್ಯಾಕ್ ಹೋಲ್ ಅಂತಿರುತ್ತೆ ಸಾರ್. ಅದರೊಳಗೆ ಏನಿದೆ ಅಂತ ಲೆಕ್ಕ ಹಾಕ್ತೀನಿ.”

“ಯಾರಾದ್ರೂ ಹೋಗಿ ನೋಡ್ಕೊಂಡು ಬಂದಿದಾರಾ?”

“ಒಳಗೆ ಹೋದ್ರೆ ಬೆಳಕೂ ವಾಪಸ್ ಬರಲ್ಲ ಸಾರ್.”

ಅವರು ತುಸು ಯೋಚಿಸಿದರು. “ಅಂದ್ರೆ ನೀವು ಬರೆದಿದ್ದು ತಪ್ಪು ಅಂತ ಬಂದು ಹೇಳೋರೇ ಇಲ್ಲ. ಪರ್ಮನೆಂಟ್ ಕೆಲಸ ಬಿಡಿ!”

ಕೀಲಿ ಕೊಟ್ಟೇಬಿಟ್ಟರು.

೨. ಹೊರಗೋಡೆ

ಒಂದು ಸಂಜೆ ಓನರ್‌ಗೆ ಹಾಲೋಗ್ರಫಿ ವಿವರಿಸಿದೆ. ಬ್ಲ್ಯಾಕ್ ಹೋಲ್ ಒಳಗಿರುವುದರ ಪೂರ್ತಿ ವಿವರ ಹೊರಮೈ ಮೇಲೇ ಬರೆದಿರುತ್ತದೆ, ಹೊರಗಿನಿಂದಲೇ ಓದಿಕೊಳ್ಳಬಹುದು ಎಂದೆ.

“ಇದಕ್ಕೆ ಪಿಎಚ್‌ಡಿ ಯಾಕ್ರೀ? ನಮ್ಮನೇಲಿ ಇವತ್ತು ಯಾವ ಸಾರು ಅಂತ ಕಾಂಪೌಂಡ್ ಆಚೆಯೋರಿಗೆ ನನಗಿಂತ ಮೊದಲೇ ಗೊತ್ತಿರುತ್ತೆ!”

೩. ವರ್ಮ್‌ಹೋಲ್

ಈಗ ನಗು ಬರುತ್ತದೆ, ಆವತ್ತು ಅಳುವೇ ಬಂದಿತ್ತು. ಎರಡು ಬ್ಲ್ಯಾಕ್ ಹೋಲ್‌ಗಳನ್ನು ಒಳಗಿಂದೊಳಗೇ ಸೇರಿಸುವ ಸುರಂಗಕ್ಕೆ ವರ್ಮ್‌ಹೋಲ್ ಎನ್ನುತ್ತಾರೆ. ಅದರ ನಕ್ಷೆಯಲ್ಲಿ ಆರು ತಿಂಗಳಿಂದ ಒದ್ದಾಡುತ್ತಿದ್ದೆ. ಇಂದಿರಾನಗರದಲ್ಲಿದ್ದ ನನ್ನ ಗೈಡ್, “ಶುಕ್ರವಾರ ನಾನೇ ಬರ್ತೀನಿ. ಆಗಿಲ್ಲ ಅಂದ್ರೆ ಬೇರೆ ವಿಷಯ ಹುಡುಕ್ಕೋ” ಎಂದುಬಿಟ್ಟಿದ್ದರು.

ಗುರುವಾರ ನನ್ನ ಕೋಣೆಯ ಕೆಂಪು ನೆಲದ ತುಂಬ ಸೀಮೆಸುಣ್ಣದಲ್ಲಿ ನಕ್ಷೆ ಬರೆದೆ. ಮಾರನೇ ಬೆಳಿಗ್ಗೆ ಅದನ್ನು ನಕಲು ಮಾಡಿಕೊಳ್ಳೋಣವೆಂದು ಹಾಳೆ ತರಲು ಹೋಗಿ, ಹಿಂದಿನ ಗೇಟಿನಿಂದ ಬಂದು ನೋಡಿದರೆ ನೆಲ ಫಳಫಳ ಹೊಳೆಯುತ್ತಿದೆ! ಓನರ್ ಹೆಂಡತಿ ಒರೆಸುವ ಬಟ್ಟೆ ಹಿಂಡುತ್ತಿದ್ದರು. “ನನ್ನ ನಕ್ಷೆ!” ಎಂದು ಕೂಗಿದೆ.

“ಶುಕ್ರವಾರ ಅಲ್ವೇನಪ್ಪಾ, ಒರೆಸ್ದೆ. ನಿನ್ ರಂಗೋಲಿ ಎಲ್ಲೂ ಹೋಗಿಲ್ಲ. ಹಂಗಂಗೇ ಮುಂದಿನ ಗೇಟ್ ಹತ್ರ ಹಾಕಿದೀನಿ. ಮಧ್ಯದಲ್ಲಿ ನೀನು ಒಂದ್ ಗೆರೆ ಸೇರಿಸದೇ ಬಿಟ್ಟಿದ್ದೆ ನೋಡು, ಸೇರಿಸಿದೀನಿ. ರಂಗೋಲಿಲಿ ಗೆರೆ ಹಂಗೆ ಅರ್ಧಕ್ಕೆ ನಿಲ್ಲಿಸಬಾರದು.”

ಓಡಿದೆ. ಗೈಡ್ ಆಗಲೇ ಬಂದು, ಸ್ಕೂಟರ್ ಸ್ಟ್ಯಾಂಡ್ ಹಾಕಿ, ರಂಗೋಲಿಯ ಮೇಲೆ ಬಗ್ಗಿ ನಿಂತಿದ್ದರು.

“ಮಿಕ್ಕಿದ್ದೆಲ್ಲ ನಿನ್ನ ಹಳೇ ರಾಮಾಯಣವೇ. ಮಧ್ಯೆ ಈ ಗೆರೆ ಸೇರಿಸಿದೀಯಲ್ಲ, ಇದೊಂದು ಸರಿ. ಹೆಂಗೆ ಹೊಳೀತು?”

ನಾಚಿಕೆಯಾದರೂ ನಿಜ ಹೇಳಿದೆ. ಅವರು ಬಾಗಿಲಲ್ಲಿ ನಿಂತಿದ್ದ ಆ ತಾಯಿಗೆ ಕೈಮುಗಿದರು.

“ವಿಷಯ ಬದಲಾಯಿಸೋದು ಬೇಡ. ಆದ್ರೆ ಇನ್ಮೇಲೆ ನಂಗೆ ಶನಿವಾರವೇ ತೋರಿಸು,” ಎನ್ನುತ್ತ ಸ್ಕೂಟರ್ ಒದ್ದರು, “ಶುಕ್ರವಾರ ಇವರು ತಿದ್ದಿರ್ತಾರೆ.”